ದೂರು ಪುಸ್ತಕದಲ್ಲಿ ಬರೆದು ಬಂದ ಮೆಚ್ಚುಗೆ

ಬೀದಿ ಗುಡಿಸುವವರು, ಬಸ್ ಓಡಿಸುವವರು, ಅಂಚೆ ಹಂಚುವವರು, ಆಸ್ಪತ್ರೆ ವಾರ್ಡಿನಲ್ಲಿ ದುಡಿಯುವವರು, ಕೌಂಟರಿನ ಆಚೆ ಕೂರುವವರು, ಇವರೆಲ್ಲರ ಮೇಲಧಿಕಾರಿಗಳಿಗೆ,

ನಮಸ್ಕಾರ.

ನನ್ನ ಅಮ್ಮನಿಗೆ 76 ವರ್ಷ. ಒಬ್ಬರೇ ಇರುತ್ತಾರೆ. ರಾತ್ರಿ ಮಲಗುವ ಮುಂಚೆ ಬಾಗಿಲ ಹೊರಗಿನ ಲೈಟ್ ಹಾಕುತ್ತಾರೆ, ಬೆಳಗ್ಗೆ ಎದ್ದ ಕೂಡಲೇ ಬಂದು ಆರಿಸುತ್ತಾರೆ. ಲೈಟ್ ಆರಿಸಲು ಬಂದವರು ಹಾಗೇ ಗೇಟಿನ ಹತ್ತಿರ ಒಂದೆರಡು ನಿಮಿಷ ನಿಲ್ಲುವುದು ರೂಢಿ. ಅಷ್ಟು ಹೊತ್ತಿಗೆ ರಸ್ತೆ ಗುಡಿಸುವ ಅಕ್ಕ ಅಲ್ಲಿಗೆ ಬಂದಿರುತ್ತಾರೆ. "ಬಂದ್ಯೇನಮ್ಮಾ?" ಅಂತ ಇವರು, "ಹೂಂ ಅಮ್ಮಾ, ಎದ್ರಾ?" ಅಂತ ಅವರು. ಅಷ್ಟೇ ಮಾತು. ಎಷ್ಟೋ ವರ್ಷದಿಂದ ಅಷ್ಟೇ.

ಹೋದ ಮಳೆಗಾಲದಲ್ಲಿ ಒಂದು ದಿನ ಏಳೂವರೆ ದಾಟಿದರೂ ಆ ಲೈಟ್ ಉರಿಯುತ್ತಲೇ ಇತ್ತು. ಹಗಲಿನಲ್ಲಿ ಉರಿಯುವ ಲೈಟನ್ನು ಯಾರೂ ಗಮನಿಸುವುದಿಲ್ಲ. ಪಕ್ಕದ ಮನೆಯವರೂ ನೋಡಿರಲಿಲ್ಲ. ಆ ಅಕ್ಕ ನೋಡಿದರು. ಮೂರು ಮನೆ ಮುಂದೆ ಹೋಗಿದ್ದವರಿಗೆ ಏನೋ ಸರಿ ಇಲ್ಲ ಅನಿಸಿ, ಗಾಡಿಯನ್ನು ಅಲ್ಲೇ ಬಿಟ್ಟು ವಾಪಸ್ ಬಂದರು. ಗೇಟಿನಿಂದ ಕೂಗಿದರು. ಬೆಲ್ ಮಾಡಿದರು. ಉತ್ತರ ಇಲ್ಲ. ಮನೆಯ ಪಕ್ಕದ ಸಂದಿಯಲ್ಲಿ ಹೋಗಿ ಬಚ್ಚಲುಮನೆಯ ಕಿಟಕಿಯ ಕೆಳಗೆ ಕಿವಿಗೊಟ್ಟು ನಿಂತರು. ಒಳಗಿಂದ ಟಕ್, ಟಕ್ ಅಂತ ಸಣ್ಣ ಸದ್ದು. ಅಮ್ಮ ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಅಲ್ಲಿ ಬಿದ್ದಿದ್ದರು. ಕೂಗಿ ಕೂಗಿ ದನಿ ಹೋಗಿತ್ತು. ಕೈಗೆ ಸಿಕ್ಕಿದ ಚೊಂಬನ್ನು ನೆಲಕ್ಕೆ ಬಡಿಯುತ್ತಿದ್ದರು.

ಪಕ್ಕದ ಮನೆಯಲ್ಲಿ ನಮ್ಮದೊಂದು ಬೀಗದ ಕೈ ಇರುತ್ತದೆ. ಅವರನ್ನು ಎಬ್ಬಿಸಿ, ಬಾಗಿಲು ತೆಗೆಸಿ ಒಳಗೆ ಹೋದ ಮೇಲೆ ಆ ಅಕ್ಕ ಮಾಡಿದ್ದನ್ನು ಅಮ್ಮ ನನಗೆ ಹತ್ತಾರು ಸಲ ಹೇಳಿದ್ದಾರೆ. ಮೊದಲು ಗಂಡಸರನ್ನು ಬಾಗಿಲ ಹೊರಗೇ ತಡೆದರಂತೆ. "ಒಂದ್ ನಿಮಿಷ ಇರಿ, ಒಳಗೆ ಬರಬೇಡಿ." ಕೈಗವಸು ಬಿಚ್ಚಿ, ಸೋಪು ಹಾಕಿ ಕೈ ತೊಳೆದುಕೊಂಡರಂತೆ. ಅಮ್ಮನ ಒದ್ದೆ ಬಟ್ಟೆಯ ಮೇಲೆ ಒಣಗಿದ ಟವೆಲ್ ಹೊದಿಸಿ, ಸುತ್ತ ಸರಿಯಾಗಿ ಸಿಕ್ಕಿಸಿ, ಆಮೇಲೆ "ಈಗ ಬನ್ನಿ" ಅಂದರಂತೆ. ಯಾರೋ ಎತ್ತಲು ಹೋದಾಗ "ಎತ್ತಬೇಡಿ, ಮೂಳೆ ಏನಾಗಿದೆಯೋ ಏನೋ" ಅಂತ ಹೇಳಿ, ಆಂಬುಲೆನ್ಸ್ ಬರುವ ತನಕ ನೆಲದ ಮೇಲೆ ಕೂತು ಅಮ್ಮನ ತಲೆಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡಿದ್ದರು.

ಆ ಟವೆಲಿನ ವಿಷಯ ಹೇಳುವಾಗ ಅಮ್ಮನ ದನಿ ಈಗಲೂ ನಡುಗುತ್ತದೆ. ಮೂಳೆ ಮುರಿದ ನೋವಿಗಿಂತ, ಹಾಗೇ ಎಲ್ಲರ ಕಣ್ಣಿಗೂ ಬೀಳುತ್ತೇನಲ್ಲಾ ಅನ್ನುವ ಭಯ ಅವರಿಗೆ ಜಾಸ್ತಿ ಇತ್ತು. ಅವರು ಬಾಯಿ ಬಿಟ್ಟು ಹೇಳಿರಲಿಲ್ಲ. ಆ ಅಕ್ಕನಿಗೆ ಹೇಳದೆಯೇ ಗೊತ್ತಾಯಿತು.

ಸೊಂಟದ ಹತ್ತಿರ ತೊಡೆಯ ಮೂಳೆ ಮುರಿದಿತ್ತು. ಬಿದ್ದ ವಯಸ್ಸಾದವರು ತುಂಬಾ ಹೊತ್ತು ನೆಲದ ಮೇಲೇ ಉಳಿದರೆ ಕಷ್ಟ ಮೂಳೆಗಷ್ಟೇ ಅಲ್ಲ ಅಂತ ಡಾಕ್ಟರ್ ವಿವರಿಸಿದರು. ಮೈಯಲ್ಲಿ ನೀರು ಕಡಿಮೆಯಾಗುತ್ತದೆ, ಒತ್ತಿದ ಕಡೆ ಚರ್ಮವೂ ಸ್ನಾಯುವೂ ಕೆಡುತ್ತವೆ, ಹಾಗೆ ಕೆಟ್ಟ ಸ್ನಾಯುವಿನ ಅಂಶ ರಕ್ತಕ್ಕೆ ಸೇರಿ ಕಿಡ್ನಿಗೂ ಪೆಟ್ಟು ಕೊಡಬಹುದು. ಗಂಟೆಗಳ ಲೆಕ್ಕ ಅಲ್ಲಿ ಮುಖ್ಯ. ನಾನು ದಿನಕ್ಕೊಮ್ಮೆ ಫೋನ್ ಮಾಡುವುದು ರಾತ್ರಿ. ಆ ಅಕ್ಕ ವಾಪಸ್ ಬರದಿದ್ದರೆ ಅಮ್ಮ ಇಡೀ ಹಗಲು ಅಲ್ಲೇ ಇರುತ್ತಿದ್ದರು.

ಈಗ ನಿಮಗೆ ಸಂಬಂಧಪಟ್ಟ ಮಾತಿಗೆ ಬರುತ್ತೇನೆ.

ಆ ದಿನ ಅವರ ಪಾಲಿನ ರಸ್ತೆ ಪೂರ್ತಿ ಗುಡಿಸಿ ಆಗಿರಲಿಲ್ಲ. ಗಾಡಿ ರಸ್ತೆ ಮಧ್ಯೆ ನಿಂತಿತ್ತು. ಎರಡನೇ ಹಾಜರಿಗೆ ಅವರು ಹೋಗಿ ಮುಟ್ಟುವಷ್ಟರಲ್ಲಿ ತಡವಾಗಿತ್ತು. ಅರ್ಧ ದಿನದ ಹಾಜರಿ ಹಾಕಿದರು. ಕಾರಣ ಹೇಳಿದರೂ ಬರೆದುಕೊಳ್ಳಲು ಜಾಗ ಇಲ್ಲ ಅಂದರಂತೆ. ಇದನ್ನು ಅವರು ನಮಗೆ ಹೇಳಲೇ ಇಲ್ಲ. ಮೂರು ವಾರ ಆದ ಮೇಲೆ, ಅವರ ಜೊತೆ ಕೆಲಸ ಮಾಡುವ ಇನ್ನೊಬ್ಬರ ಬಾಯಿಂದ ಗೊತ್ತಾಯಿತು. ಕೇಳಿದರೆ, "ಬಿಡಿ, ಅಮ್ಮ ಹುಷಾರಾದರಲ್ಲ" ಅಂದರು.

ಹಾಜರಿ ಹಾಕಿದವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಕೈಯಲ್ಲಿದ್ದ ಪುಸ್ತಕದಲ್ಲಿ ಬಂದರು, ಬರಲಿಲ್ಲ, ತಡ ಅನ್ನುವ ಕಾಲಂಗಳಷ್ಟೇ ಇದ್ದವು. "ಒಂದು ಜೀವ ಉಳಿಸಿದರು" ಅನ್ನುವ ಕಾಲಂ ಇರಲಿಲ್ಲ.

ಅಮ್ಮನ ಆಪರೇಷನ್ ಆದ ಮೇಲಿನ ತಿಂಗಳುಗಳಲ್ಲಿ ನನ್ನ ಕಣ್ಣು ಬೇರೆಯಾಯಿತು. ವಾರ್ಡಿನಲ್ಲಿ ರಾತ್ರಿ ಪಾಳಿಯ ಆಯಾ ಒಬ್ಬರಿದ್ದರು. ಅಮ್ಮನನ್ನು ಮಗ್ಗುಲು ತಿರುಗಿಸುವ ಮುಂಚೆ ತಮ್ಮ ಎರಡೂ ಅಂಗೈ ಉಜ್ಜಿ ಬಿಸಿ ಮಾಡಿಕೊಳ್ಳುತ್ತಿದ್ದರು. ತಣ್ಣಗಿನ ಕೈ ತಗುಲಿದರೆ ನಿದ್ದೆಯಲ್ಲಿರುವವರು ಬೆಚ್ಚಿ ಬೀಳುತ್ತಾರೆ ಅಂತ. ಇದನ್ನು ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಾರರು. ಆಮೇಲೆ ವಾಕರ್ ಹಿಡಿದು ಮೊದಲ ಸಲ ಬಸ್ ಹತ್ತಿದ ದಿನ, ಡ್ರೈವರ್ ಬಸ್ಸನ್ನು ಕಟ್ಟೆಗೆ ಅಂಟಿಸಿದ ಹಾಗೆ ನಿಲ್ಲಿಸಿದರು. ನಾವು ಹತ್ತಿದ ಮೇಲೂ ಹೊರಡಲಿಲ್ಲ. ತಲೆ ಮೇಲಿನ ಕನ್ನಡಿಯಲ್ಲಿ ನೋಡುತ್ತಿದ್ದರು. ಅಮ್ಮ ಸೀಟಿನಲ್ಲಿ ಕೂತು, ವಾಕರನ್ನು ಮಂಡಿಗೆ ಒರಗಿಸಿಕೊಂಡು, ಎದುರಿನ ಕಂಬಿ ಹಿಡಿದ ಮೇಲೆಯೇ ಗೇರ್ ಹಾಕಿದರು. ನಾನು ವಾಚ್ ನೋಡಿದೆ. ಹೆಚ್ಚೆಂದರೆ ಅರ್ಧ ನಿಮಿಷ.

ಹಿಂದೆ ಇಂಥದ್ದನ್ನೆಲ್ಲ ನಾನು "ಒಳ್ಳೆಯ ಮನುಷ್ಯ" ಅಂದುಕೊಂಡು ಸುಮ್ನೆ ಮುಂದೆ ಹೋಗುತ್ತಿದ್ದೆ. ಒಳ್ಳೆಯತನ ಅವರವರ ಸ್ವಭಾವ, ಅದಕ್ಕೂ ಕಚೇರಿಗೂ ಏನು ಸಂಬಂಧ ಅಂತ. ಈಗ ಹಾಗನಿಸುವುದಿಲ್ಲ. ಒಳ್ಳೆಯತನಕ್ಕೆ ಸಮಯ ಬೇಕು. ಆ ಸಮಯ ಕೊಡುವುದೂ ಕಿತ್ತುಕೊಳ್ಳುವುದೂ ನಿಮ್ಮ ಕೈಯಲ್ಲಿದೆ.

ಇದು ನನ್ನೊಬ್ಬರ ಅನಿಸಿಕೆ ಅಲ್ಲ. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಎಂಬ ಇಬ್ಬರು ಮನೋವಿಜ್ಞಾನಿಗಳು 1973ರಲ್ಲಿ ಒಂದು ಪ್ರಯೋಗದ ಫಲ ಪ್ರಕಟಿಸಿದರು. ಪಾದ್ರಿಗಳಾಗಲು ಓದುತ್ತಿದ್ದ ವಿದ್ಯಾರ್ಥಿಗಳನ್ನು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೋಗಿ ಭಾಷಣ ಮಾಡಲು ಹೇಳಿದರು. ದಾರಿಯಲ್ಲಿ ಒಬ್ಬ ಮನುಷ್ಯ ಕುಸಿದು ಕೂತು ಕೆಮ್ಮುತ್ತಾ ನರಳುತ್ತಿರುವಂತೆ ಏರ್ಪಾಟು ಮಾಡಿದ್ದರು. ಕೆಲವರಿಗೆ "ಇನ್ನೂ ಸಮಯ ಇದೆ" ಅಂತ ಹೇಳಿ ಕಳಿಸಿದ್ದರು, ಕೆಲವರಿಗೆ "ಆಗಲೇ ತಡವಾಯಿತು, ಓಡಿ" ಅಂತ. ಸಮಯ ಇದ್ದವರಲ್ಲಿ ಶೇ. 63 ಮಂದಿ ಏನಾದರೂ ಸಹಾಯ ಮಾಡಿದರು. ಅವಸರದಲ್ಲಿದ್ದವರಲ್ಲಿ ಶೇ. 10 ಮಂದಿ ಮಾತ್ರ. ದಾರಿಯಲ್ಲಿ ಬಿದ್ದವನನ್ನು ಎತ್ತಿ ಉಪಚರಿಸಿದ ದಯಾಳುವಿನ ಬೈಬಲ್ ಕಥೆಯ ಮೇಲೆಯೇ ಕೆಲವರು ಮಾತಾಡಲು ಹೊರಟಿದ್ದರು. ಅದರಿಂದಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ. ಅವಸರವೇ ಗೆದ್ದಿತು.

ಆ ಹುಡುಗರು ಕೆಟ್ಟವರಾಗಿರಲಿಲ್ಲ. ಅವರಿಗೆ ಯಾರೋ ತಡವಾಯಿತು ಅಂದಿದ್ದರು, ಅಷ್ಟೇ.

ಇದನ್ನು ಓದಿದಾಗ ನನಗೆ ಆ ರಸ್ತೆ ಮಧ್ಯೆ ನಿಂತ ಗಾಡಿ ನೆನಪಾಯಿತು. ಆ ಅಕ್ಕನಿಗೂ ತಡವಾಗಿತ್ತು. ತಡವಾದರೆ ಏನಾಗುತ್ತದೆ ಅಂತ ನನಗಿಂತ ಚೆನ್ನಾಗಿ ಗೊತ್ತಿತ್ತು. ಆದರೂ ವಾಪಸ್ ಬಂದರು. ಹಾಗೆ ಬಂದವರಿಗೆ ನೀವು ಅರ್ಧ ದಿನ ಕಡಿದರೆ, ಮುಂದಿನ ಸಲ ಇನ್ಯಾರದೋ ಮನೆಯ ಲೈಟ್ ಹಗಲಲ್ಲಿ ಉರಿಯುತ್ತಿದ್ದಾಗ, ನೋಡಿದ ಕೆಲಸಗಾರ ಏನು ಮಾಡಬೇಕು? ಈ ಪ್ರಶ್ನೆಯನ್ನು ನಿಮ್ಮ ಕಚೇರಿಯಲ್ಲಿ ದಯವಿಟ್ಟು ಒಂದು ಸಲ ಜೋರಾಗಿ ಕೇಳಿಕೊಳ್ಳಿ.

ಹಾಗಾಗಿ ನನ್ನ ಮೊದಲ ಕೋರಿಕೆ ಸಮಯದ್ದು. ಪಾಳಿ ಹಾಕುವಾಗ, ಮಾರ್ಗದ ವೇಳಾಪಟ್ಟಿ ಮಾಡುವಾಗ, ಒಬ್ಬರಿಗೆ ಇಷ್ಟು ರಸ್ತೆ, ಇಷ್ಟು ಮನೆ, ಇಷ್ಟು ಹಾಸಿಗೆ ಅಂತ ಹಂಚುವಾಗ ಉಸಿರಾಡುವಷ್ಟು ಸಡಿಲ ಬಿಡಿ. ಬಸ್ಸಿಗೆ ಪ್ರತಿ ನಿಲ್ದಾಣದಲ್ಲೂ ಬರೀ ಹತ್ತಿ ಇಳಿಯುವ ಲೆಕ್ಕ ಇಟ್ಟರೆ, ಮುದುಕಿಯೊಬ್ಬರು ಕೂರುವವರೆಗೆ ಕಾಯುವ ಡ್ರೈವರ್ ದಿನದ ಕೊನೆಗೆ ತಪ್ಪಿತಸ್ಥನಾಗುತ್ತಾನೆ. ತಡವಾದರೆ ಕಾರಣ ಕೇಳಿ. ಕೇಳಿದ್ದನ್ನು ಬರೆದುಕೊಳ್ಳಿ. ಕಾರಣ ಇಂಥದ್ದಾದರೆ ಹಾಜರಿ ಕಡಿಯಬೇಡಿ. ಅದಕ್ಕೆ ದೊಡ್ಡ ಆದೇಶವೇನೂ ಬೇಕಿಲ್ಲ, ಪುಸ್ತಕದಲ್ಲಿ ಇನ್ನೊಂದು ಕಾಲಂ ಸಾಕು.

ನಿಂತು ಮಾತಾಡಿಸುವುದನ್ನೂ ಕೆಲಸ ಅಂತ ಲೆಕ್ಕಕ್ಕೆ ತೆಗೆದುಕೊಂಡ ಸಂಸ್ಥೆಗಳು ಬೇರೆ ಕಡೆ ಇವೆ. ನೆದರ್‌ಲ್ಯಾಂಡ್ಸ್‌ನಲ್ಲಿ ಜಂಬೋ ಎಂಬ ಸೂಪರ್‌ಮಾರ್ಕೆಟ್ ಸಂಸ್ಥೆ 2019ರಲ್ಲಿ ಮಾತಾಡುವವರಿಗಾಗಿಯೇ ಒಂದು ಬಿಲ್ಲಿಂಗ್ ಕೌಂಟರ್ ತೆರೆಯಿತು. ಒಂಟಿಯಾಗಿರುವವರು, ಅವಸರ ಇಲ್ಲದವರು ಅಲ್ಲಿ ಸಾಲಿನಲ್ಲಿ ನಿಂತು ಕ್ಯಾಷಿಯರ್ ಜೊತೆ ನಾಲ್ಕು ಮಾತಾಡಬಹುದು. ಹಿಂದಿನವರು ಗೊಣಗುವಂತಿಲ್ಲ. ಆ ಕ್ಯಾಷಿಯರ್ ಮಾತಾಡಿದರೆ ನಿಧಾನ ಅಂತ ಯಾರೂ ಬೈಯುವಂತಿಲ್ಲ, ಅಲ್ವಾ? ನನಗೆ ಇಷ್ಟವಾದದ್ದು ಇದೇ. ಫ್ರಾನ್ಸ್‌ನ ಅಂಚೆ ಸಂಸ್ಥೆ 2017ರಿಂದ, ಹಣ ಕಟ್ಟಿದ ಮನೆಗಳ ವಯಸ್ಸಾದ ತಂದೆ ತಾಯಿಯರನ್ನು ಅಂಚೆಯವರು ಹೋಗಿ ಮಾತಾಡಿಸಿ ಬರುವ ಸೇವೆ ನಡೆಸುತ್ತಿದೆ. ಇದಕ್ಕೆ ನನ್ನ ಮನಸ್ಸು ಪೂರ್ತಿ ಒಪ್ಪುವುದಿಲ್ಲ. ಹಣ ಕಟ್ಟಲಾಗದ ಮನೆಯ ಅಜ್ಜಿಯನ್ನು ಮಾತಾಡಿಸುವವರು ಯಾರು ಅನ್ನುವ ಪ್ರಶ್ನೆ ಉಳಿಯುತ್ತದೆ. ಆದರೂ ಒಂದು ಮಾತು ಒಪ್ಪಬೇಕು. ಬಾಗಿಲಲ್ಲಿ ನಿಂತು "ಹೇಗಿದ್ದೀರಿ" ಅಂತ ಕೇಳುವುದು ಸೋಮಾರಿತನ ಅಲ್ಲ, ಕೆಲಸ, ಅಂತ ಅವರು ಲೆಕ್ಕ ಬರೆದಿದ್ದಾರೆ.

ಇಲ್ಲೇ ಒಂದು ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ. ಈ ಪತ್ರ ಓದಿ ನಾಳೆ ಬೆಳಗ್ಗೆ "ಎಲ್ಲರೂ ನಗುತ್ತಾ ಮಾತಾಡಬೇಕು" ಅಂತ ಸುತ್ತೋಲೆ ಹೊರಡಿಸಬೇಡಿ. ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ ವಿಮಾನ ಪರಿಚಾರಕಿಯರ ಕೆಲಸವನ್ನು ಹತ್ತಿರದಿಂದ ನೋಡಿ, ಸಂಬಳಕ್ಕಾಗಿ ಮುಖದ ಮೇಲೆ ನಗು ಹೊತ್ತು ತಿರುಗುವುದೂ ಒಂದು ದುಡಿಮೆ, ಅದು ಮನುಷ್ಯರನ್ನು ಒಳಗಿಂದ ಸವೆಸುತ್ತದೆ ಅಂತ 1983ರಲ್ಲೇ ಬರೆದರು. ನನ್ನ ಅಮ್ಮನ ತಲೆಗೆ ತೊಡೆ ಕೊಟ್ಟ ಆ ಅಕ್ಕ ಆಗ ನಗುತ್ತಿರಲಿಲ್ಲ. ಗಾಬರಿಯಲ್ಲಿದ್ದರು. ನಮಗೆ ಬೇಕಾದದ್ದು ನಗು ಅಲ್ಲ. ಕೆಲಸಗಾರರು ಮನಸ್ಸಿಗೆ ತೋಚಿದ ಒಳ್ಳೆಯದನ್ನು ಭಯವಿಲ್ಲದೆ ಮಾಡಲು ಬಿಡಬೇಕು.

ಇನ್ನೊಂದು ಮಾತು. ಮೆಚ್ಚುಗೆಯ ಹೆಸರಲ್ಲಿ ಹಕ್ಕು ಮರೆಸುವುದು ಬೇಡ. 2020ರಲ್ಲಿ ಕೊರೊನಾ ಬಂದಾಗ ಎಷ್ಟೋ ದೇಶಗಳಲ್ಲಿ ಜನ ಆರೋಗ್ಯ ಕಾರ್ಯಕರ್ತರಿಗಾಗಿ ಮನೆ ಮುಂದೆ ನಿಂತು ಚಪ್ಪಾಳೆ ತಟ್ಟಿದರು. ಬ್ರಿಟನ್ನಿನಲ್ಲಿ ಮಾರ್ಚ್ 26ರಿಂದ ಮೇ 28ರವರೆಗೆ ಹತ್ತು ಗುರುವಾರ, ರಾತ್ರಿ ಎಂಟಕ್ಕೆ ಸರಿಯಾಗಿ ತಟ್ಟಿದರು. ನಾನೂ ತಟ್ಟಿದವರಲ್ಲಿ ಒಬ್ಬರು, ಅದು ಸುಳ್ಳು ಪ್ರೀತಿ ಆಗಿರಲಿಲ್ಲ. ಆದರೆ ಚಪ್ಪಾಳೆ ನಿಂತಿತು, ಅವರ ಪಾಳಿ ನಿಲ್ಲಲಿಲ್ಲ. ಕೈಗವಸು ಹರಿದಿದ್ದರೆ ಹೊಸದು ಕೊಡುವುದು, ಸಂಬಳ ತಿಂಗಳಿಗೆ ಸರಿಯಾಗಿ ಹಾಕುವುದು, ಮಳೆ ಬಂದಾಗ ನಿಲ್ಲಲು ಒಂದು ಸೂರು ತೋರಿಸುವುದು, ಇವು ಮೆಚ್ಚುಗೆಗೂ ಮೊದಲು ಆಗಬೇಕಾದವು.

ಸೂರಿನ ಮಾತು ಸುಮ್ನೆ ಹೇಳಲಿಲ್ಲ. 1968ರ ಫೆಬ್ರವರಿ 1ರಂದು ಅಮೆರಿಕದ ಮೆಂಫಿಸ್ ನಗರದಲ್ಲಿ ಕಸ ಸಾಗಿಸುವ ಇಬ್ಬರು ಕೆಲಸಗಾರರು ಜೋರು ಮಳೆಗೆ ತಮ್ಮ ಕಸದ ಲಾರಿಯ ಹಿಂಬದಿಯಲ್ಲೇ ಆಸರೆ ಪಡೆದಿದ್ದರು. ಕಸ ಒತ್ತುವ ಯಂತ್ರ ಇದ್ದಕ್ಕಿದ್ದಂತೆ ಚಾಲೂ ಆಗಿ ಇಬ್ಬರೂ ಸತ್ತರು. ಆಮೇಲೆ ಸುಮಾರು 1,300 ಮಂದಿ ಕೆಲಸ ನಿಲ್ಲಿಸಿ ಬೀದಿಗೆ ಬಂದರು. ಅವರ ಕೈಯಲ್ಲಿದ್ದ ಫಲಕದ ಮೇಲೆ ಇದ್ದದ್ದು ಒಂದೇ ಮಾತು: "ನಾನು ಮನುಷ್ಯ". ಮಾರ್ಚ್ 18ರಂದು ಮಾರ್ಟಿನ್ ಲೂಥರ್ ಕಿಂಗ್ ಅಲ್ಲಿಗೆ ಬಂದು, ಕಸ ಎತ್ತುವವನು ವೈದ್ಯನಷ್ಟೇ ಮುಖ್ಯ, ಅವನು ಕೆಲಸ ಮಾಡದಿದ್ದರೆ ರೋಗ ಹರಡುತ್ತದೆ, ಅನ್ನುವ ಅರ್ಥದ ಮಾತಾಡಿದರು. ಅದೇ ಊರಿನಲ್ಲಿ ಏಪ್ರಿಲ್ 4ರಂದು ಅವರ ಕೊಲೆಯಾಯಿತು. ಕಸ ಎತ್ತುವವರ ಪರ ನಿಲ್ಲಲು ಬಂದಿದ್ದಾಗ ಸತ್ತರು ಅನ್ನುವುದು ಎಷ್ಟು ಜನರಿಗೆ ನೆನಪಿದೆಯೋ.

ಇನ್ನು ನನ್ನಂಥ ಸಾಮಾನ್ಯ ಜನರಿಗೂ ಈ ಪತ್ರದಲ್ಲಿ ಸ್ವಲ್ಪ ಜಾಗ ಇದೆ. ನಾವು ದೂರು ಹೇಳುವುದರಲ್ಲಿ ಚುರುಕು. ಕಸ ಎತ್ತಲಿಲ್ಲ ಅಂದರೆ ಹತ್ತು ನಿಮಿಷದಲ್ಲಿ ಫೋಟೋ ಸಮೇತ ಕಳಿಸುತ್ತೇವೆ. ಅದು ತಪ್ಪಲ್ಲ, ಕಳಿಸಬೇಕು. ಆದರೆ ವರ್ಷವಿಡೀ ಎತ್ತಿದ ದಿನಗಳ ಬಗ್ಗೆ ಒಂದು ಸಾಲೂ ಬರೆಯುವುದಿಲ್ಲ. ಹಾಗಾಗಿ ಅಧಿಕಾರಿಗಳ ಮೇಜಿನ ಮೇಲೆ ಒಬ್ಬ ಕೆಲಸಗಾರನ ಬಗ್ಗೆ ಇರುವುದೆಲ್ಲ ಅವನ ತಪ್ಪುಗಳೇ. ಅವನ ಚಿತ್ರವನ್ನು ಹಾಗೆ ಬಿಡಿಸಿಟ್ಟವರು ನಾವು.

ಬರೆಯದಿರುವುದಕ್ಕೆ ಕಾರಣ ಸಂಕೋಚ ಅಂತ ನನಗನಿಸುತ್ತದೆ. ಏನಂದುಕೊಳ್ಳುತ್ತಾರೋ, ಅತಿಯಾಯಿತೇನೋ ಅಂತ. ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ ಎಂಬ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನರಿಂದ ಕೃತಜ್ಞತೆಯ ಪತ್ರ ಬರೆಸಿದರು. ಓದುವವರಿಗೆ ಮುಜುಗರ ಆಗಬಹುದು ಅಂತ ಬರೆದವರು ಅಂದಾಜು ಮಾಡಿದ್ದರು. ಪತ್ರ ಸಿಕ್ಕವರನ್ನು ಕೇಳಿದರೆ ಮುಜುಗರ ಅಂದಾಜಿಗಿಂತ ಕಡಿಮೆ, ಸಂತೋಷ ಅಂದಾಜಿಗಿಂತ ಜಾಸ್ತಿ. ನನ್ನ ಅನುಭವವೂ ಅದೇ. ಆ ಬಸ್ ಡ್ರೈವರಿಗೆ ಇಳಿಯುವಾಗ "ನೀವು ಕಾದಿದ್ದು ನೋಡಿದೆ ಸಾರ್" ಅಂದೆ. ಅವರು ಏನೂ ಹೇಳಲಿಲ್ಲ. ಸ್ಟೇರಿಂಗ್ ಮೇಲಿದ್ದ ಕೈ ತೆಗೆದು ಎದೆಯ ಮೇಲೆ ಒಂದು ಕ್ಷಣ ಇಟ್ಟುಕೊಂಡರು.

ಎದುರಿಗೆ ಹೇಳುವುದು ಒಳ್ಳೆಯದು, ಆದರೆ ಅಷ್ಟಕ್ಕೇ ಬಿಡಬೇಡಿ. ಮೇಲಿನವರಿಗೂ ಬರೆಯಿರಿ. ದಿನಾಂಕ, ಸಮಯ, ಬಸ್ಸಿನ ನಂಬರ್ ಅಥವಾ ವಾರ್ಡು, ಅವರು ಮಾಡಿದ್ದು ಏನು, ಇಷ್ಟು ಸಾಕು. "ತುಂಬಾ ಒಳ್ಳೆಯವರು" ಅಂತ ಬರೆದರೆ ಕಡತದಲ್ಲಿ ಕಳೆದುಹೋಗುತ್ತದೆ. "ಕೂರುವ ತನಕ ಬಸ್ ಹೊರಡಿಸಲಿಲ್ಲ" ಅಂತ ಬರೆದರೆ ಉಳಿಯುತ್ತದೆ. ಬರೆಯುವ ಮುಂಚೆ ಅವರನ್ನೊಂದು ಮಾತು ಕೇಳಿ. ಹೆಸರು ಮೇಲೆ ಹೋದರೆ ಒಳ್ಳೆಯದಕ್ಕೇ ಹೋಗಿದೆ ಅಂತ ನಂಬಲು ಅವರಿಗೆ ಅಭ್ಯಾಸ ಇಲ್ಲ.

ಆ ಅಕ್ಕನೂ ಮೊದಲು ಬೇಡ ಅಂದರು. "ಹೆಸರು ಹಾಕಬೇಡಿ, ಆಮೇಲೆ ಕೆಲಸ ಬಿಟ್ಟು ಹೋಗಿದ್ದೆ ಅಂತ ಹಿಡಿದುಕೊಳ್ತಾರೆ." ಅಮ್ಮ ವಾಕರ್ ಹಿಡಿದುಕೊಂಡೇ ಗೇಟಿಗೆ ಬಂದು ಕೇಳಿಕೊಂಡ ಮೇಲೆ, ಕಚೇರಿಗೆ ಮಾತ್ರ ಕೊಡಲು ಒಪ್ಪಿದರು. ಹಾಗಾಗಿ ಇಲ್ಲಿ ಹೆಸರಿಲ್ಲ, ಕಚೇರಿಗೆ ಕೊಟ್ಟದ್ದರಲ್ಲಿ ಇದೆ.

ಹೌದು, ನಾನು ಅವರ ಕಚೇರಿಗೆ ಹೋಗಿದ್ದೆ. ಮೆಚ್ಚುಗೆ ಬರೆಯಬೇಕು, ಯಾವ ಪುಸ್ತಕ ಅಂತ ಕೇಳಿದೆ. ಗುಮಾಸ್ತರಿಗೆ ಅರ್ಥವಾಗಲಿಲ್ಲ. "ದೂರಾ?" ಅಂದರು. ಅಲ್ಲ, ಥ್ಯಾಂಕ್ಸ್ ಹೇಳಬೇಕು ಅಂದೆ. ಒಳಗೆ ಹೋಗಿ ಯಾರನ್ನೋ ಕೇಳಿ ಬಂದರು. ಅದಕ್ಕೆ ಬೇರೆ ಪುಸ್ತಕ ಇಲ್ಲ, ಬೇಕಾದರೆ ಇದರಲ್ಲೇ ಬರೆಯಿರಿ ಅಂತ ದೂರು ಪುಸ್ತಕವನ್ನೇ ನನ್ನ ಕಡೆ ತಿರುಗಿಸಿ, ಪೆನ್ನು ಕೊಟ್ಟು, ಕುರ್ಚಿಯನ್ನೂ ಎಳೆದುಕೊಟ್ಟರು. ಅವರೂ ಒಳ್ಳೆಯವರು.

ದೂರುದಾರರ ಹೆಸರು ಅನ್ನುವಲ್ಲಿ ನನ್ನ ಹೆಸರು ಬರೆದೆ. ದೂರಿನ ವಿವರ ಅನ್ನುವಲ್ಲಿ ಲೈಟ್, ಬಚ್ಚಲುಮನೆ, ಟವೆಲ್, ಎಲ್ಲ ಬರೆದೆ. ಜಾಗ ಸಾಲದೆ ಪಕ್ಕದ ಅಂಚಿನಲ್ಲೂ ಬರೆದೆ. ಆ ದಿನಾಂಕ ಹಾಕಿ, ಅರ್ಧ ದಿನದ ಹಾಜರಿಯನ್ನು ಪೂರ್ತಿ ಮಾಡಬೇಕು ಅಂತ ಕೇಳಿ ಸಹಿ ಮಾಡಿದೆ. ಕೊನೆಯ ಕಾಲಂ "ಕೈಗೊಂಡ ಕ್ರಮ". ಅದು ನೀವು ತುಂಬಬೇಕಾದದ್ದು. ಮೊನ್ನೆ ಮತ್ತೆ ಹೋಗಿ ನೋಡಿದೆ, ಇನ್ನೂ ಖಾಲಿ ಇದೆ. ಮುಂದಿನ ವಾರ ಅಮ್ಮನನ್ನೂ ಕರೆದುಕೊಂಡು ಬರುತ್ತೇನೆ. ಅವರಿಗೆ ಮೆಟ್ಟಿಲು ಹತ್ತಲು ಸ್ವಲ್ಪ ಹೊತ್ತು ಬೇಕು, ದಯವಿಟ್ಟು ಕಾಯಿರಿ.

ವಂದನೆಗಳೊಂದಿಗೆ,
ಆ ಲೈಟಿನ ಮನೆಯವರು